ಹೊಸ ಲೈಸೆನ್ಸು, ಚಿಕ್ಕ ವಯಸ್ಸು: ಕಾರಿನ ವಿಮೆಯನ್ನು ಕೈಗೆಟುಕಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ನನಗೆ ಹತ್ತೊಂಬತ್ತು ವರ್ಷ. ಡ್ರೈವಿಂಗ್ ಲೈಸೆನ್ಸ್ ಈಗಷ್ಟೇ ಸಿಕ್ಕಿದೆ. ಹಳೆಯದೊಂದು ಕಾರು ಕೊಳ್ಳಲು ಹಣ ಕೂಡಿಸಿಟ್ಟಿದ್ದೇನೆ. ಆದರೆ ವಿಮೆಗೆ ಕೇಳುತ್ತಿರುವ ಮೊತ್ತವನ್ನು ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಇಲ್ಲಿಯವರೆಗೆ ಯಾರ ಕಾರಿಗೂ ಒಂದು ಗೀರು ಮಾಡದ ನನಗೆ ಇಷ್ಟು ದರ ಏಕೆ? ಅದನ್ನು ಇಳಿಸಿಕೊಳ್ಳುವ ನೇರವಾದ ದಾರಿ ಇದೆಯೇ?

ಉತ್ತರ: ದಾರಿಗಳಿವೆ. ಅವುಗಳಲ್ಲಿ ಅತ್ಯಂತ ದೊಡ್ಡದು ಕಾರು ಕೊಳ್ಳುವ ತನಕ ಮಾತ್ರ ತೆರೆದಿರುತ್ತದೆ, ಆಮೇಲೆ ಮುಚ್ಚಿಹೋಗುತ್ತದೆ. ನೀವಿನ್ನೂ ಕಾರು ಕೊಂಡಿಲ್ಲ ಎಂಬುದೇ ನಿಮ್ಮ ಪ್ರಶ್ನೆಯಲ್ಲಿ ನನಗೆ ಕಂಡ ಸಮಾಧಾನದ ಸಂಗತಿ. ಆ ದಾರಿಯ ಬಗ್ಗೆ ಹೇಳುವ ಮೊದಲು, ದರ ಏಕೆ ಹೆಚ್ಚು ಎಂಬುದನ್ನು ಬಿಡಿಸಿ ನೋಡುವುದು ಒಳ್ಳೆಯದು. ಯಾವ ಭಾಗ ನಿಮ್ಮ ಕೈಯಲ್ಲಿದೆ, ಯಾವುದು ಇಲ್ಲ ಎಂಬುದು ಆಗ ತಾನಾಗಿಯೇ ತಿಳಿಯುತ್ತದೆ.

ಅಪಘಾತ ಮಾಡಿಲ್ಲ ಎಂಬ ನಿಮ್ಮ ಮಾತು ನಿಜ. ಆದರೆ ಹತ್ತು ವರ್ಷ ಕಾರು ಓಡಿಸಿ ಅಪಘಾತ ಮಾಡದಿರುವುದಕ್ಕೂ ಒಂದು ತಿಂಗಳು ಓಡಿಸಿ ಮಾಡದಿರುವುದಕ್ಕೂ ವಿಮಾ ಕಂಪನಿಯ ಲೆಕ್ಕದಲ್ಲಿ ಅಜಗಜಾಂತರವಿದೆ. ಹೊಸ ಚಾಲಕನದೇ ಆದ ದಾಖಲೆ ಕಂಪನಿಯ ಬಳಿ ಇರುವುದಿಲ್ಲ. ಇರುವುದು ಅವನ ವಯಸ್ಸಿನ, ಅವನಷ್ಟೇ ಅನುಭವದ ಸಾವಿರಾರು ಜನರ ದಾಖಲೆ. ಆ ದಾಖಲೆ ದುಃಖಕರವಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 5ರಿಂದ 29 ವರ್ಷದವರ ಸಾವಿಗೆ ಮೊದಲ ಕಾರಣವೇ ರಸ್ತೆ ಅಪಘಾತ. ಅಮೆರಿಕದಲ್ಲಿ 16ರಿಂದ 19 ವರ್ಷದ ಚಾಲಕರು, ಓಡಿಸಿದ ಪ್ರತಿ ಮೈಲಿಯ ಲೆಕ್ಕದಲ್ಲಿ, 20 ದಾಟಿದವರಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ಪ್ರಾಣಾಂತಿಕ ಅಪಘಾತಗಳಿಗೆ ಒಳಗಾಗುತ್ತಾರೆ. ಇದಕ್ಕೆ ಕಾರಣ ವಯಸ್ಸಿನ ಹುಮ್ಮಸ್ಸು ಒಂದೇ ಅಲ್ಲ. ಎದುರಿನ ಅಪಾಯವನ್ನು ಮುಂಚಿತವಾಗಿ ಗುರುತಿಸುವ ಕಣ್ಣು ಅಭ್ಯಾಸದಿಂದ ಮಾತ್ರ ಬರುತ್ತದೆ, ಆದ್ದರಿಂದಲೇ ಲೈಸೆನ್ಸ್ ಸಿಕ್ಕ ಮೊದಲ ಕೆಲವು ತಿಂಗಳುಗಳು ಅತ್ಯಂತ ಅಪಾಯಕಾರಿ. ರಾತ್ರಿಯ ಹೊತ್ತು ಮತ್ತು ಸಮವಯಸ್ಕ ಗೆಳೆಯರು ಜೊತೆಗಿರುವಾಗ ಅಪಾಯ ಇನ್ನೂ ಏರುತ್ತದೆ. ನ್ಯೂಜಿಲೆಂಡ್ 1987ರಲ್ಲಿ ಹಂತಹಂತವಾಗಿ ಲೈಸೆನ್ಸ್ ಕೊಡುವ ಪದ್ಧತಿಯನ್ನು ತಂದಾಗ ಹೊಸಬರಿಗೆ ನಿರ್ಬಂಧ ಹಾಕಿದ್ದೂ ಈ ಎರಡರ ಮೇಲೆಯೇ.

ಗುಂಪಿನ ತಪ್ಪನ್ನು ಒಬ್ಬನ ತಲೆಗೆ ಕಟ್ಟುವುದು ಎಷ್ಟು ನ್ಯಾಯ ಎಂಬ ಪ್ರಶ್ನೆಗೆ ಜಗತ್ತು ಒಂದೇ ಉತ್ತರ ಕೊಟ್ಟಿಲ್ಲ. ಅಮೆರಿಕದ ಹವಾಯಿ ರಾಜ್ಯದಲ್ಲಿ ವಯಸ್ಸನ್ನಾಗಲಿ ಚಾಲನೆಯ ಅನುಭವದ ಅವಧಿಯನ್ನಾಗಲಿ ನೋಡಿ ದರ ಕಟ್ಟುವಂತಿಲ್ಲ. ಯುವತಿಯರಿಗೆ ಕಡಿಮೆ, ಯುವಕರಿಗೆ ಹೆಚ್ಚು ದರ ವಿಧಿಸುತ್ತಿದ್ದ ಪದ್ಧತಿಯನ್ನು ಐರೋಪ್ಯ ಒಕ್ಕೂಟದ ನ್ಯಾಯಾಲಯ 2011ರ ಮಾರ್ಚ್‌ನಲ್ಲಿ ತಳ್ಳಿಹಾಕಿತು. ಆ ತೀರ್ಪು 2012ರ ಡಿಸೆಂಬರ್ 21ರಿಂದ ಜಾರಿಗೆ ಬಂತು. ಭಾರತದಲ್ಲಿ ಥರ್ಡ್ ಪಾರ್ಟಿ ವಿಮೆಯ, ಅಂದರೆ ನಾವು ಬೇರೆಯವರಿಗೆ ಮಾಡುವ ನಷ್ಟವನ್ನು ತುಂಬಿಕೊಡುವ ವಿಮೆಯ, ದರ ಚಾಲಕನ ವಯಸ್ಸಿಗಿಂತ ಎಂಜಿನ್ನಿನ ಸಿಸಿಯನ್ನು ಅವಲಂಬಿಸಿ ನಿಗದಿಯಾಗುತ್ತದೆ. ಹೀಗಾಗಿ ನೀವಿರುವ ಕಡೆ ದರವನ್ನು ಯಾವ ಅಂಶಗಳ ಮೇಲೆ ಕಟ್ಟುತ್ತಾರೆ, ಚಾಲಕನ ಮೇಲೋ ವಾಹನದ ಮೇಲೋ, ಎಂಬುದನ್ನು ಮೊದಲು ಕೇಳಿ ತಿಳಿದುಕೊಳ್ಳಬೇಕು. ವಯಸ್ಸನ್ನು ನೀವು ಬದಲಿಸಲಾರಿರಿ, ವಾಹನವನ್ನು ಬದಲಿಸಬಲ್ಲಿರಿ.

ಮೇಲೆ ಹೇಳಿದ ದೊಡ್ಡ ದಾರಿ ಇದೇ: ಕಾರನ್ನು ಆರಿಸುವಾಗಲೇ ವಿಮೆಯ ದರವನ್ನೂ ಕೇಳುವುದು. ಹೆಚ್ಚಿನವರು ಮೊದಲು ಕಾರಿಗೆ ಮನಸೋಲುತ್ತಾರೆ, ಮುಂಗಡ ಕೊಡುತ್ತಾರೆ, ಆಮೇಲೆ ವಿಮೆಗಾಗಿ ಅಲೆಯುತ್ತಾರೆ. ಇದು ತಿರುಗುಮುರುಗಾದ ಕ್ರಮ ಎಂದು ನಾನು ದೃಢವಾಗಿ ನಂಬುತ್ತೇನೆ. ನಿಮಗೆ ಹಿಡಿಸಿದ ಮೂರು ನಾಲ್ಕು ಮಾಡೆಲ್‌ಗಳ ಹೆಸರು ಬರೆದುಕೊಂಡು, ಒಂದೊಂದಕ್ಕೂ ಕೊಟೇಶನ್ ತೆಗೆದು ನೋಡಿ; ಬೆಲೆಯಲ್ಲಿ ಸಮನಾಗಿರುವ ಎರಡು ಕಾರುಗಳ ವಿಮೆಯಲ್ಲಿ ಕಾಣುವ ಅಂತರ ನಿಮ್ಮನ್ನು ಬೆರಗುಗೊಳಿಸಬಹುದು. ಬ್ರಿಟನ್ನಿನಲ್ಲಿ ಕಾರುಗಳನ್ನು ಬಹಳ ವರ್ಷಗಳ ಕಾಲ 1ರಿಂದ 50ರವರೆಗಿನ ವಿಮಾ ಗುಂಪುಗಳಾಗಿ ವಿಂಗಡಿಸುತ್ತ ಬಂದಿದ್ದಾರೆ. 1 ಎಂದರೆ ಅತ್ಯಂತ ಅಗ್ಗ. ಜರ್ಮನಿಯಲ್ಲೂ ಪ್ರತಿ ಮಾಡೆಲ್‌ಗೆ ಒಂದು ವರ್ಗಸಂಖ್ಯೆ ಇರುತ್ತದೆ. ಇಂಥ ಪಟ್ಟಿ ನಿಮ್ಮಲ್ಲಿ ಇದ್ದರೆ ಕಾರಿನ ಬಣ್ಣ ನೋಡುವ ಮೊದಲು ಅದನ್ನು ನೋಡಿ.

ಪಟ್ಟಿ ಇಲ್ಲದಿದ್ದರೂ ಊಹಿಸುವುದು ಕಷ್ಟವಲ್ಲ. ಎಂಜಿನ್ನಿನ ಶಕ್ತಿ ಹೆಚ್ಚಿದಂತೆ ದರ ಏರುತ್ತದೆ. ಹೆಚ್ಚು ಕಳುವಾಗುವ ಮಾಡೆಲ್‌ಗಳಿಗೆ ದರ ಹೆಚ್ಚು. ಬಿಡಿಭಾಗಗಳು ಸುಲಭವಾಗಿ ಸಿಗುವ, ಯಾವ ಮೆಕ್ಯಾನಿಕ್ ಬೇಕಾದರೂ ಬಿಚ್ಚಿ ಜೋಡಿಸಬಲ್ಲ ಸಾಮಾನ್ಯ ಕಾರಿಗೆ ಕಡಿಮೆ. ಈಚಿನ ಕಾರುಗಳ ಬಂಪರ್ ಮತ್ತು ಮುಂಗಾಜಿನ ಹಿಂದೆ ಸೆನ್ಸರ್‌ಗಳು, ಕ್ಯಾಮೆರಾಗಳು ಕುಳಿತಿರುವುದರಿಂದ ಸಣ್ಣ ತಾಗುವಿಕೆಯ ರಿಪೇರಿಯೂ ದುಬಾರಿ. ಹಾಗೆಂದು ಕಾರು ಹಳೆಯದಾದಷ್ಟೂ ವಿಮೆ ಅಗ್ಗ ಎಂದು ಭಾವಿಸಬೇಡಿ. ನಿಮ್ಮ ಕಾರು ಎಷ್ಟೇ ಹಳೆಯದಾಗಿದ್ದರೂ ಅದು ಗುದ್ದುವ ಕಾರು ಹೊಸದಾಗಿರಬಹುದು, ಅದಕ್ಕೆ ಸಿಕ್ಕುವ ಮನುಷ್ಯನ ಕೈಕಾಲಿನ ಬೆಲೆಯಂತೂ ಕಾರಿನ ವರ್ಷದ ಮೇಲೆ ನಿಂತಿಲ್ಲ. ಕೊಂಡ ಮೇಲೆ ಅಲಾಯ್ ಚಕ್ರ ಹಾಕಿಸುವುದು, ಎಂಜಿನ್ ತಿದ್ದಿಸಿ ವೇಗ ಹೆಚ್ಚಿಸುವುದು ಮೊದಲಾದ ಮಾರ್ಪಾಡುಗಳು ದರವನ್ನು ಮತ್ತೆ ಮೇಲೇರಿಸುತ್ತವೆ. ಅವನ್ನು ಕಂಪನಿಗೆ ತಿಳಿಸದೆ ಮುಚ್ಚಿಟ್ಟರೆ ಕ್ಲೇಮ್, ಅಂದರೆ ಪರಿಹಾರದ ಕೋರಿಕೆ, ತಿರಸ್ಕೃತವಾಗುವ ಅಪಾಯವಿದೆ.

ಎರಡನೆಯ ಪ್ರಶ್ನೆ, ಯಾವ ರಕ್ಷಣೆಯನ್ನು ಕಡಿಮೆ ಮಾಡಿ ಹಣ ಉಳಿಸಬಹುದು ಎಂಬುದು. ಇಲ್ಲಿ ಒಂದು ವ್ಯತ್ಯಾಸವನ್ನು ಮನಸ್ಸಿಗೆ ತಂದುಕೊಳ್ಳಿ. ನಿಮ್ಮ ಕಾರಿಗೆ ಆಗುವ ನಷ್ಟಕ್ಕೆ ಒಂದು ಮೇರೆ ಇದೆ: ಆ ಕಾರಿನ ಬೆಲೆ. ನೀವು ಬೇರೆಯವರಿಗೆ ಮಾಡಬಹುದಾದ ನಷ್ಟಕ್ಕೆ ಮೇರೆಯೇ ಇಲ್ಲ. ಒಬ್ಬರ ಬೆನ್ನುಮೂಳೆ ಮುರಿದರೆ ಅವರ ಜೀವಮಾನದ ದುಡಿಮೆ ಮತ್ತು ಆರೈಕೆಯ ಖರ್ಚು ಅದರಲ್ಲಿ ಸೇರುತ್ತದೆ. ಆದ್ದರಿಂದ ಉಳಿತಾಯ ಮಾಡುವುದಿದ್ದರೆ ಮೊದಲನೆಯದರಲ್ಲಿ ಮಾಡಿ, ಎರಡನೆಯದರಲ್ಲಿ ಬೇಡ. ಬಹುತೇಕ ದೇಶಗಳಲ್ಲಿ ಥರ್ಡ್ ಪಾರ್ಟಿ ವಿಮೆ ಕಡ್ಡಾಯವಾಗಿರುವುದೂ ಇದೇ ಕಾರಣಕ್ಕೆ. ಪರಿಹಾರದ ಮಿತಿಯನ್ನು ನಾವೇ ಆರಿಸಿಕೊಳ್ಳುವ ಅವಕಾಶವಿದ್ದರೆ, ಕಾನೂನು ಕೇಳುವ ಕನಿಷ್ಠ ಮಿತಿಗೆ ನಿಲ್ಲಿಸದೆ ಕೈಲಾದಷ್ಟು ಮೇಲಕ್ಕೆ ಹೋಗುವುದು ಲೇಸು.

ನಿಮ್ಮ ಕಾರಿನ ಭಾಗಕ್ಕೆ ಬಂದರೆ, ಡಿಡಕ್ಟಿಬಲ್ ಅಥವಾ ಎಕ್ಸೆಸ್ ಎಂಬ ಒಂದು ಮೊತ್ತವಿದೆ. ಪ್ರತಿ ಕ್ಲೇಮ್‌ನಲ್ಲೂ ಮೊದಲು ನಮ್ಮ ಕಿಸೆಯಿಂದ ಹೋಗುವ ಪಾಲು ಅದು. ಅದನ್ನು ಹೆಚ್ಚಿಸಿಕೊಂಡರೆ ಪ್ರೀಮಿಯಂ ಇಳಿಯುತ್ತದೆ. ಆದರೆ ನಾಳೆಯೇ ಅಪಘಾತವಾದರೆ ಅಷ್ಟು ಹಣವನ್ನು ಸಾಲವಿಲ್ಲದೆ ಹೊಂದಿಸಬಲ್ಲಿರಾ ಎಂದು ಕೇಳಿಕೊಂಡು, ಹೌದೆನ್ನುವ ಮಟ್ಟಕ್ಕೆ ಮಾತ್ರ ಏರಿಸಿ. ಕೆಲವು ಕಂಪನಿಗಳು ಎಳೆಯ ಚಾಲಕರಿಗೆಂದೇ ಇದರ ಮೇಲೆ ಇನ್ನೊಂದು ಕಡ್ಡಾಯ ಮೊತ್ತವನ್ನು ಸೇರಿಸುತ್ತವೆ. ಪಾಲಿಸಿಯಲ್ಲಿ ಎರಡನ್ನೂ ಕೂಡಿಸಿ ಓದಬೇಕು. ಕಾರಿನ ಬೆಲೆ ತೀರ ಕಡಿಮೆಯಿದ್ದರೆ ಸ್ವಂತ ನಷ್ಟದ ವಿಮೆಯನ್ನೇ ಬಿಡಬಹುದು. ಆದರೂ ಎರಡೂ ಬಗೆಯ ನಷ್ಟವನ್ನು ಒಳಗೊಂಡ ಸಮಗ್ರ ವಿಮೆಯ ಕೊಟೇಶನ್ನನ್ನು ಒಮ್ಮೆ ತೆಗೆದೇ ನೋಡಿ. ಬ್ರಿಟನ್ನಿನಂಥ ಮಾರುಕಟ್ಟೆಗಳಲ್ಲಿ, ಬರೀ ಥರ್ಡ್ ಪಾರ್ಟಿ ಸಾಕೆನ್ನುವವರು ಹೆಚ್ಚು ಅಪಘಾತ ಮಾಡುವ ಗುಂಪೆಂದು ಕಂಡುಬಂದು, ಕಡಿಮೆ ರಕ್ಷಣೆಗೇ ಹೆಚ್ಚು ದರ ಬಿದ್ದ ಉದಾಹರಣೆಗಳಿವೆ.

ಇನ್ನು ಮನೆಯ ಹಿರಿಯರ ಪಾಲಿಸಿಯ ವಿಷಯ. ಚಾಲಕನನ್ನು ನೋಡಿ ದರ ಕಟ್ಟುವ ಕಡೆಗಳಲ್ಲಿ, ತಂದೆ ಅಥವಾ ತಾಯಿಯ ಪಾಲಿಸಿಗೆ ನಿಮ್ಮ ಹೆಸರನ್ನು ಸೇರಿಸಿದರೆ ಪ್ರತ್ಯೇಕ ಪಾಲಿಸಿಗಿಂತ ಅಗ್ಗವಾಗುವುದು ಸಾಮಾನ್ಯ. ಕಾರು ಅವರದಾಗಿದ್ದು, ಅವರೇ ಹೆಚ್ಚು ಓಡಿಸುತ್ತಿದ್ದು, ನೀವು ಆಗಾಗ ತೆಗೆದುಕೊಂಡು ಹೋಗುವುದಾದರೆ ಇದು ಪೂರ್ತಿ ಸರಿ. ದಿನವೂ ಓಡಿಸುವವರು ನೀವಾಗಿದ್ದು, ದರ ಇಳಿಸಲೆಂದು ಮುಖ್ಯ ಚಾಲಕರೆಂದು ತಾಯಿಯ ಹೆಸರನ್ನು ಬರೆದರೆ ಮಾತ್ರ ಅದು ವಂಚನೆ. ಪ್ರೀತಿಯಿಂದಲೇ ಹೀಗೆ ಮಾಡುವ ಹೆತ್ತವರಿದ್ದಾರೆ ಎಂಬುದು ನನಗೆ ಗೊತ್ತು. ಆದರೆ ಸುಳ್ಳು ಹೊರಬೀಳುವುದು ಯಾವಾಗಲೂ ಅಪಘಾತದ ಮರುದಿನ, ಕಂಪನಿ ತನಿಖೆಗೆ ಇಳಿದಾಗ. ಆಗ ಕ್ಲೇಮ್ ಕೈತಪ್ಪುತ್ತದೆ, ಪಾಲಿಸಿ ರದ್ದಾಗಬಹುದು, ಆಮೇಲೆ ಬೇರೆ ಕಂಪನಿಗೆ ಹೋದರೂ ಆ ರದ್ದತಿಯನ್ನು ತಿಳಿಸಬೇಕಾಗುತ್ತದೆ. ಇದೇ ಎಚ್ಚರ ವಿಳಾಸ, ರಾತ್ರಿ ಕಾರು ನಿಲ್ಲಿಸುವ ಜಾಗ, ವರ್ಷಕ್ಕೆ ಓಡಿಸುವ ದೂರ ಇವೆಲ್ಲಕ್ಕೂ ಬೇಕು. ಬಿಡುವಿನ ವೇಳೆಯಲ್ಲಿ ಸ್ವಂತ ಕಾರಿನಲ್ಲಿ ಡೆಲಿವರಿ ಕೆಲಸ ಮಾಡುವ ಯೋಚನೆ ಇದ್ದರೆ ಅದನ್ನೂ ಹೇಳಿ, ಏಕೆಂದರೆ ಖಾಸಗಿ ಬಳಕೆಯ ಪಾಲಿಸಿಯಲ್ಲಿ ಅದು ಸಾಮಾನ್ಯವಾಗಿ ಸೇರಿರುವುದಿಲ್ಲ.

ಟೆಲಿಮ್ಯಾಟಿಕ್ಸ್ ಪಾಲಿಸಿಯ ಬಗ್ಗೆ ಎಳೆಯರು ಬಹಳ ವಿಚಾರಿಸುತ್ತಾರೆ. ಕಾರಿನಲ್ಲಿ ಇಟ್ಟ ಪುಟ್ಟ ಪೆಟ್ಟಿಗೆ ಅಥವಾ ಫೋನಿನ ಆ್ಯಪ್ ನಿಮ್ಮ ವೇಗ, ಬ್ರೇಕ್ ಹಾಕುವ ರೀತಿ, ತಿರುವಿನಲ್ಲಿ ತಿರುಗಿಸುವ ಬಗೆ, ಓಡಿಸಿದ ದೂರ ಮತ್ತು ಹೊತ್ತು ಇವನ್ನು ದಾಖಲಿಸಿ ಕಂಪನಿಗೆ ಕಳಿಸುತ್ತದೆ, ಅದನ್ನು ನೋಡಿ ಕಂಪನಿ ನಿಮ್ಮ ಚಾಲನೆಗೆ ಅಂಕ ಕೊಡುತ್ತದೆ. ಗುಂಪಿನ ಚರಿತ್ರೆಯ ಬದಲು ನಿಮ್ಮದೇ ಚರಿತ್ರೆಯನ್ನು ನೋಡಲು ಕಂಪನಿಗೆ ಸಿಗುವ ಅವಕಾಶವಿದು. ಆದ್ದರಿಂದ ನಿಧಾನವಾಗಿ, ಹಗಲಲ್ಲಿ, ಕಡಿಮೆ ದೂರ ಓಡಿಸುವವರಿಗೆ ನಾನು ಇದನ್ನು ಮನಸಾರೆ ಸೂಚಿಸುತ್ತೇನೆ. ರಾತ್ರಿ ಪಾಳಿಯ ಕೆಲಸದವರಿಗೆ ಇದು ಹೊಂದದಿರಬಹುದು. ಎಷ್ಟೇ ಜಾಗ್ರತೆಯಿಂದ ಓಡಿಸಿದರೂ ಹೊತ್ತಲ್ಲದ ಹೊತ್ತಿನ ಓಡಾಟವೇ ಅಂಕ ಕಡಿಮೆ ಮಾಡುತ್ತದೆ. ಸಹಿ ಹಾಕುವ ಮೊದಲು ಮೂರು ವಿಷಯ ಕೇಳಿ: ಅಂಕ ಕುಸಿದರೆ ದರ ಏರುತ್ತದೆಯೇ, ಮಾಹಿತಿಯನ್ನು ಯಾರೊಂದಿಗೆ ಹಂಚಿಕೊಳ್ಳುತ್ತಾರೆ, ಎಷ್ಟು ಕಾಲ ಇಟ್ಟುಕೊಳ್ಳುತ್ತಾರೆ.

ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೆಚ್ಚು ಅಭ್ಯಾಸ ಮಾಡಿದವರಿಗೆ ಫ್ರಾನ್ಸ್ ಕೊಡುವ ರಿಯಾಯಿತಿ ನನಗೆ ಬಹಳ ಮೆಚ್ಚುಗೆಯಾದದ್ದು. ಅಲ್ಲಿ ಹೊಸ ಚಾಲಕರಿಗೆ ಮೂಲ ದರದ ಮೇಲೆ ಶೇ. 100ರವರೆಗೆ ಹೆಚ್ಚುವರಿ ದರ ಹಾಕಬಹುದು. 15ನೇ ವಯಸ್ಸಿನಿಂದ ಹಿರಿಯರ ಜೊತೆಯಲ್ಲಿ ಕನಿಷ್ಠ 3,000 ಕಿಲೋಮೀಟರ್ ಓಡಿಸಿ ಕಲಿತವರಿಗಾದರೆ ಅದರ ಗರಿಷ್ಠ ಮಿತಿ ಶೇ. 50. ಅಪಘಾತವಿಲ್ಲದ ಪ್ರತಿ ವರ್ಷವೂ ಈ ಹೆಚ್ಚುವರಿ ಅರ್ಧವಾಗುತ್ತ ಹೋಗುತ್ತದೆ. ನಿಮ್ಮಲ್ಲಿಯೂ ಸುಧಾರಿತ ಚಾಲನಾ ತರಬೇತಿಗೆ ಅಥವಾ ವಿದ್ಯಾರ್ಥಿಗಳಿಗೆ ರಿಯಾಯಿತಿ ಇದೆಯೇ ಎಂದು ಬಾಯಿಬಿಟ್ಟು ಕೇಳಿ. ಕೇಳದವರಿಗೆ ಅದು ಎಷ್ಟೋ ಸಲ ಸಿಗುವುದೇ ಇಲ್ಲ.

ಕೊಟೇಶನ್‌ಗಳನ್ನು ಹೋಲಿಸುವಾಗ ಎಲ್ಲೆಡೆ ಒಂದೇ ರಕ್ಷಣೆ, ಒಂದೇ ಡಿಡಕ್ಟಿಬಲ್, ಒಂದೇ ದೂರ ಕೊಟ್ಟು ಕೇಳಿ. ಇಲ್ಲದಿದ್ದರೆ ಹೋಲಿಕೆಗೆ ಅರ್ಥವಿರುವುದಿಲ್ಲ. ಪ್ರತಿ ಕಂಪನಿಯೂ ತನ್ನದೇ ಕ್ಲೇಮ್‌ಗಳ ಅನುಭವದಿಂದ ದರ ಕಟ್ಟುವುದರಿಂದ ಒಬ್ಬನೇ ಚಾಲಕನಿಗೆ ಬೇರೆ ಬೇರೆ ದರ ಬರುವುದು ಸಹಜ. ಹಣವನ್ನು ವರ್ಷಕ್ಕೊಮ್ಮೆ ಕಟ್ಟಿದರೆ ತಿಂಗಳ ಕಂತಿಗೆ ಬೀಳುವ ಬಡ್ಡಿ ಉಳಿಯುತ್ತದೆ. ಸಾಮಾಜಿಕ ಜಾಲತಾಣಗಳಲ್ಲಿ ಅರ್ಧ ದರಕ್ಕೆ ಪಾಲಿಸಿ ಮಾಡಿಸಿಕೊಡುವುದಾಗಿ ಹೇಳುವ ಅಪರಿಚಿತರಿಂದ ದೂರವಿರಿ. ಎಳೆಯರನ್ನೇ ಗುರಿಯಾಗಿಸಿ ನಕಲಿ ಪಾಲಿಸಿ ಮಾರುವ ಮೋಸಗಾರರಿದ್ದಾರೆ, ಕಾಗದ ನಕಲಿಯೆಂದು ತಿಳಿಯುವುದು ಪೊಲೀಸರು ಗಾಡಿ ನಿಲ್ಲಿಸಿದಾಗಲೇ. ಏಜೆಂಟರ ಹೆಸರು ವಿಮಾ ನಿಯಂತ್ರಕರ ಅಧಿಕೃತ ಪಟ್ಟಿಯಲ್ಲಿದೆಯೇ ಎಂದು ನೋಡಿ, ಪಾಲಿಸಿ ಸಂಖ್ಯೆಯನ್ನು ನೇರವಾಗಿ ಕಂಪನಿಯಲ್ಲೇ ಖಚಿತಪಡಿಸಿಕೊಳ್ಳಿ.

ಮೊದಲ ವರ್ಷ ದರ ಎಷ್ಟೇ ಇಳಿಸಿದರೂ ಸ್ವಲ್ಪ ಭಾರವಾಗಿಯೇ ಇರುತ್ತದೆ. ನಿಜವಾದ ಇಳಿತ ಬರುವುದು ಮುಂದಿನ ವರ್ಷಗಳಲ್ಲಿ, ಕ್ಲೇಮ್ ಇಲ್ಲದ ದಾಖಲೆಯಿಂದ. ಭಾರತದಲ್ಲಿ ನೋ ಕ್ಲೇಮ್ ಬೋನಸ್ ಎಂಬ ಈ ರಿಯಾಯಿತಿ ಸ್ವಂತ ನಷ್ಟದ ಭಾಗದ ಮೇಲೆ ಶೇ. 20ರಿಂದ ಆರಂಭವಾಗಿ ಐದು ವರ್ಷಗಳಲ್ಲಿ ಶೇ. 50ಕ್ಕೆ ಮುಟ್ಟುತ್ತದೆ, ಫ್ರಾನ್ಸಿನಲ್ಲಿ ದರವೇ ವರ್ಷಕ್ಕೆ ಶೇ. 5ರಂತೆ ಇಳಿಯುತ್ತ 13 ವರ್ಷಗಳಲ್ಲಿ ಅರ್ಧಕ್ಕೆ ಬರುತ್ತದೆ, ಚಾಲಕನ ತಪ್ಪಿನಿಂದಾದ ಒಂದೇ ಅಪಘಾತಕ್ಕೆ ಅದು ಶೇ. 25 ಏರುತ್ತದೆ. ಹಾಗಾಗಿ ಕಂಬಕ್ಕೆ ತಾಗಿ ಬಂಪರ್ ತರಚಿದಂಥ ಸಣ್ಣ ನಷ್ಟಕ್ಕೆ ಕ್ಲೇಮ್ ಹಾಕುವ ಮೊದಲು ಲೆಕ್ಕ ಹಾಕಿ: ಡಿಡಕ್ಟಿಬಲ್ ಕಳೆದು ಕೈಗೆ ಬರುವುದೆಷ್ಟು, ಬರುವ ವರ್ಷಗಳಲ್ಲಿ ಕಳೆದುಕೊಳ್ಳುವ ರಿಯಾಯಿತಿ ಎಷ್ಟು. ಎರಡನೆಯದು ಹೆಚ್ಚಾಗಿದ್ದರೆ ರಿಪೇರಿಯನ್ನು ನೀವೇ ಮಾಡಿಸಿಕೊಳ್ಳಿ. ಬೇರೆ ವಾಹನವೋ ವ್ಯಕ್ತಿಯೋ ಒಳಗೊಂಡಿದ್ದರೆ ಈ ಲೆಕ್ಕ ಬೇಡ, ತಡಮಾಡದೆ ಕಂಪನಿಗೆ ತಿಳಿಸಿ. ಕ್ಲೇಮ್ ಹಾಕದಿದ್ದರೂ ಅಪಘಾತವನ್ನು ತಿಳಿಸಲೇಬೇಕೆಂಬ ಷರತ್ತು ಅನೇಕ ಪಾಲಿಸಿಗಳಲ್ಲಿರುತ್ತದೆ.

ನವೀಕರಣದ ನೋಟಿಸ್ ಬಂದಾಗ ಅದರಲ್ಲಿರುವ ಮೊತ್ತವನ್ನೇ ಕಟ್ಟಿಬಿಡಬೇಡಿ. ಹಳೆಯ ಗ್ರಾಹಕರಿಗೆ ಹೊಸಬರಿಗಿಂತ ಹೆಚ್ಚು ದರ ಹಾಕುವುದನ್ನು ಬ್ರಿಟನ್ 2022ರ ಜನವರಿಯಿಂದ ನಿಯಮ ಮಾಡಿಯೇ ನಿಲ್ಲಿಸಬೇಕಾಯಿತು ಎಂದರೆ, ಆ ರೂಢಿ ಎಷ್ಟು ಬೇರೂರಿತ್ತೆಂದು ಊಹಿಸಬಹುದು. ಪಾಲಿಸಿಯ ಅವಧಿ ಮುಗಿಯುವುದಕ್ಕೆ ಮೂರು ನಾಲ್ಕು ವಾರ ಇರುವಾಗಲೇ, ಕ್ಲೇಮ್ ಮಾಡಿಲ್ಲವೆಂಬ ಪತ್ರವನ್ನು ಈಗಿನ ಕಂಪನಿಯಿಂದ ಬರಹದಲ್ಲಿ ಪಡೆದುಕೊಂಡು, ಅದನ್ನಿಟ್ಟುಕೊಂಡು ಉಳಿದ ಕಂಪನಿಗಳಲ್ಲಿ ಮತ್ತೊಮ್ಮೆ ದರ ಕೇಳಿ.