ಮೊದಲು ಪ್ರೋಟೀನ್ ಬೇಡ ಅಂದರು, ಈಗ ಬೇಕು ಅಂತಾರೆ. ಯಾವುದು ಸರಿ?

ಪ್ರಶ್ನೆ: ನಮ್ಮ ತಂದೆಗೆ 74 ವರ್ಷ. ಕಿಡ್ನಿ ತೊಂದರೆ ಗೊತ್ತಾದಾಗ ಪ್ರೋಟೀನ್ ಕಡಿಮೆ ಮಾಡಿ ಅಂದಿದ್ದರು. ಡಯಾಲಿಸಿಸ್ ಶುರುವಾದ ಮೇಲೆ ಜಾಸ್ತಿ ಕೊಡಿ ಅಂತಾರೆ. ಅವರಿಗೋ ಊಟವೇ ಸೇರುವುದಿಲ್ಲ. ಏನು ಮಾಡುವುದು?

ಉತ್ತರ: ಆಗ ಹೇಳಿದ್ದೂ ಸರಿ, ಈಗ ಹೇಳುತ್ತಿರುವುದೂ ಸರಿ. ಡಯಾಲಿಸಿಸ್‌ಗೆ ಮುಂಚೆ ಸೋತ ಕಿಡ್ನಿಗೆ ಹೊರೆಯಾಗಬಾರದು ಅಂತ ಪ್ರೋಟೀನ್ ಇಳಿಸುತ್ತಾರೆ. ಆಮೇಲೆ ಲೆಕ್ಕ ಉಲ್ಟಾ. ಮೆಷಿನ್ ರಕ್ತದ ಕಸ ತೆಗೆಯುವಾಗ ಪ್ರೋಟೀನ್ ಕಟ್ಟಲು ಬೇಕಾದ ಅಮೈನೋ ಆಮ್ಲಗಳೂ ಅದರ ಜೊತೆ ಹೋಗಿಬಿಡುತ್ತವೆ, ಒಂದು ಸಲಕ್ಕೆ ಸುಮಾರು 6ರಿಂದ 12 ಗ್ರಾಂ. ಹಾಗಾಗಿ ದಿನಕ್ಕೆ, ಪ್ರತಿ ಕಿಲೋ ತೂಕಕ್ಕೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು. 60 ಕಿಲೋ ಇದ್ದರೆ ಕನಿಷ್ಠ 60 ಗ್ರಾಂ. ಒಂದು ಮೊಟ್ಟೆಯಲ್ಲಿರುವುದು ಬರೀ 6 ಗ್ರಾಂ! ಹಸಿವೇ ಇಲ್ಲದವರಿಗೆ ಇದು ಸುಲಭವಲ್ಲ.

ತೂಕ ಇಳಿದಿಲ್ಲವಲ್ಲ ಅಂತ ಸಮಾಧಾನ ಪಡಬೇಡಿ. ಮಾಂಸಖಂಡ ಕರಗಿದ ಜಾಗದಲ್ಲಿ ನೀರು ತುಂಬಿಕೊಂಡರೆ ತಕ್ಕಡಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಕುರ್ಚಿಯಿಂದ ಏಳುವಾಗ ಕೈ ಊರುತ್ತಾರಾ, ವಾಚು ಮಣಿಕಟ್ಟಿನಲ್ಲಿ ಜಾರುತ್ತಾ, ಬಾಟಲಿ ಮುಚ್ಚಳ ತಿರುಗಿಸಲು ಇನ್ನೊಬ್ಬರನ್ನು ಕರೆಯುತ್ತಾರಾ ನೋಡಿ. ಸ್ನಾನ, ನಡಿಗೆ, ಬಟ್ಟೆ ಹಾಕಿಕೊಳ್ಳುವುದು ಎಲ್ಲವೂ ಆ ಬಲದ ಮೇಲೇ ನಿಂತಿವೆ. ಇಂಥದ್ದು ಕಂಡರೆ ‘ಡ್ರೈ ವೇಟ್’ (ಮೈಯಲ್ಲಿ ಹೆಚ್ಚಿನ ನೀರು ಇಲ್ಲದಾಗಿನ ತೂಕ) ಮತ್ತೆ ನೋಡಿ ಅಂತ ಡಾಕ್ಟರಿಗೆ ಹೇಳಿ.

ನನಗೆ ಜಾಸ್ತಿ ಭಯ ಆ ‘ತಿನ್ನಬಾರದು’ ಪಟ್ಟಿಯದ್ದೇ. ಉಪ್ಪು, ನೀರು, ಪೊಟ್ಯಾಸಿಯಂ, ರಂಜಕ, ಜೊತೆಗೆ ಸಕ್ಕರೆ ಕಾಯಿಲೆಯ ಪಥ್ಯ. ಎಲ್ಲವನ್ನೂ ಒಟ್ಟಿಗೆ ಪಾಲಿಸಿದರೆ ತಟ್ಟೆಯಲ್ಲಿ ಏನು ಉಳಿಯುತ್ತದೆ ಹೇಳಿ? ಉಪ್ಪು, ನೀರಿನ ಹಿಡಿತ ಬಿಡುವಂತಿಲ್ಲ. ಪೊಟ್ಯಾಸಿಯಂ ಕಟ್ಟುಪಾಡು ಮಾತ್ರ ರಕ್ತದ ರಿಪೋರ್ಟ್ ನೋಡಿಯೇ ತೀರ್ಮಾನವಾಗಲಿ, ಸುಮ್ನೆ ಹೆದರಿ ಬೇಡ. ರಂಜಕ ತಗ್ಗಿಸಲು ಮೊದಲು ಬಿಡಬೇಕಾದ್ದು ಪ್ಯಾಕೆಟ್ ತಿಂಡಿ, ಸಂಸ್ಕರಿಸಿದ ಮಾಂಸ, ಕೋಲಾ. ಅವುಗಳಿಗೆ ಬೆರೆಸಿದ ರಂಜಕವನ್ನು ದೇಹ ಬಹುಪಾಲು ಹೀರಿಕೊಳ್ಳುತ್ತದೆ. ಅದರ ಭಯಕ್ಕೆ ಮೊಟ್ಟೆ, ಮೀನು ನಿಲ್ಲಿಸಿದರೆ ನಷ್ಟವೇ ಜಾಸ್ತಿ. ಮೊಟ್ಟೆಯ ಬಿಳಿ ಭಾಗದಲ್ಲಂತೂ ರಂಜಕ ತೀರಾ ಕಡಿಮೆ.

ಡಯಾಲಿಸಿಸ್ ದಿನ ಸುಸ್ತಾಗಿ ಮಲಗಿಬಿಡುತ್ತಾರೆ, ಊಟ ತಪ್ಪುತ್ತದೆ. ಅವತ್ತು ಸ್ವಲ್ಪ ಸ್ವಲ್ಪವಾಗಿ ಐದಾರು ಸಲ ಕೊಡಿ. ಬಾಯಿ ಕಹಿ ಅಂದರೆ ಹುಳಿ, ಮಸಾಲೆ ಪರಿಮಳ ಸಹಾಯ ಮಾಡುತ್ತದೆ. ಹಲ್ಲು, ಮಲಬದ್ಧತೆ, ಬೇಜಾರು ಇವನ್ನೂ ವಿಚಾರಿಸಿ. ಎಷ್ಟೋ ಸಲ ಹಸಿವು ಕೆಡುವುದು ಅಲ್ಲೇ. ಆದರೂ ತಿನ್ನಲಾಗದಿದ್ದರೆ ಡಯಾಲಿಸಿಸ್ ರೋಗಿಗಳಿಗೆಂದೇ ಮಾಡಿದ ಪೌಷ್ಟಿಕ ಪಾನೀಯಗಳಿವೆ. ಯಾವುದು, ಎಷ್ಟು ಅಂತ ಡಯಟಿಷಿಯನ್‌ರನ್ನು ಕೇಳಿಯೇ ಕೊಡಿ, ಅದೂ ದಿನದ ನೀರಿನ ಲೆಕ್ಕಕ್ಕೆ ಸೇರುತ್ತದೆ.