ಉತ್ತರ ಸಮುದ್ರದ ಪೋರ್ಪಾಯ್ಸ್ ಗಣತಿ

1990ರ ದಶಕದಲ್ಲಿ ಯುರೋಪಿನ ಉತ್ತರ ಸಮುದ್ರದ ತಳದಲ್ಲಿ ನಿಲ್ಲಿಸುತ್ತಿದ್ದ ಗಿಲ್‌ನೆಟ್ ಬಲೆಗಳಿಗೆ ಸಿಕ್ಕಿ ಹಾರ್ಬರ್ ಪೋರ್ಪಾಯ್ಸ್‌ಗಳು ವರ್ಷಕ್ಕೆ ಸಾವಿರಾರು ಸಂಖ್ಯೆಯಲ್ಲಿ ಸಾಯುತ್ತಿದ್ದವು. ಹಲ್ಲುಳ್ಳ ತಿಮಿಂಗಿಲಗಳ ಬಳಗಕ್ಕೆ ಸೇರಿದ, ಒಂದೂವರೆ ಮೀಟರಿನಷ್ಟು ಉದ್ದದ ಈ ಪ್ರಾಣಿಯ ಸಂತತಿಗೆ ಅಷ್ಟು ಸಾವು ಎಷ್ಟರಮಟ್ಟಿಗೆ ಅಪಾಯಕಾರಿ ಎಂದು ಹೇಳಬೇಕಾದರೆ, ಕಡಲಿನಲ್ಲಿ ಒಟ್ಟು ಎಷ್ಟಿವೆ ಎಂಬುದು ತಿಳಿದಿರಬೇಕಿತ್ತು. ಆ ಲೆಕ್ಕಕ್ಕಾಗಿಯೇ 1994ರ ಬೇಸಿಗೆಯಲ್ಲಿ ಹಲವು ದೇಶಗಳು ಸೇರಿ ‘ಸ್ಕ್ಯಾನ್ಸ್’ ಸಮೀಕ್ಷೆಯನ್ನು ಕೈಗೊಂಡವು. 2005, 2016 ಮತ್ತು 2022ರಲ್ಲಿ ಅದು ಮತ್ತೆ ನಡೆಯಿತು.

ಸಮೀಕ್ಷೆಯ ವಿಮಾನ ಮೊದಲೇ ಗೊತ್ತುಪಡಿಸಿದ ಸರಳರೇಖೆಗಳ ಮೇಲೆ, ನೀರಿನಿಂದ ಸುಮಾರು 183 ಮೀಟರ್ ಎತ್ತರದಲ್ಲಿ, ಗಂಟೆಗೆ 167 ಕಿಲೋಮೀಟರಿನಷ್ಟು ವೇಗದಲ್ಲಿ ಹಾರುತ್ತದೆ. ಹೊರಕ್ಕೆ ಉಬ್ಬಿದ ಕಿಟಕಿಯ ಬಳಿ ಕುಳಿತ ವೀಕ್ಷಕರು, ಕಂಡ ಪ್ರಾಣಿ ತಮ್ಮ ನೇರಕ್ಕೆ ಬಂದ ಕ್ಷಣದಲ್ಲಿ ಕೋನಮಾಪಕದಿಂದ ಅದರ ಇಳಿಕೋನವನ್ನು, ಅಂದರೆ ಅದು ದಿಗಂತಕ್ಕಿಂತ ಎಷ್ಟು ಕೆಳಗೆ ಕಾಣುತ್ತದೆ ಎಂಬುದನ್ನು, ಅಳೆಯುತ್ತಾರೆ. ಎತ್ತರ ಮತ್ತು ಕೋನ ಗೊತ್ತಾದರೆ, ಹಾರುವ ರೇಖೆಯಿಂದ ಪ್ರಾಣಿ ಎಷ್ಟು ದೂರವಿತ್ತೆಂಬುದು ತ್ರಿಕೋನಮಿತಿಯಿಂದ ಸಿಗುತ್ತದೆ. ದೂರ ಹೆಚ್ಚಿದಂತೆ ಕಾಣುವ ಪ್ರಾಣಿಗಳು ಎಷ್ಟು ಬೇಗ ಕಡಿಮೆಯಾಗುತ್ತವೆ ಎಂಬುದನ್ನು ನೋಡಿ, ಪಕ್ಕದಲ್ಲಿ ಕಣ್ತಪ್ಪಿದವು ಎಷ್ಟಿರಬಹುದೆಂದು ಅಂದಾಜಿಸುತ್ತಾರೆ.

ಹಾರುವ ರೇಖೆಯ ಮೇಲಿದ್ದವೆಲ್ಲ ಕಂಡಿವೆ ಎಂಬುದೇ ಈ ಅಂದಾಜಿನ ಆಧಾರ, ಆದರೆ ನಿಜವಾದ ಕಷ್ಟ ಇರುವುದು ಆ ರೇಖೆಯ ಮೇಲೆಯೇ. ಪೋರ್ಪಾಯ್ಸ್ ತನ್ನ ಬದುಕಿನ ಬಹುಪಾಲನ್ನು ನೀರಿನೊಳಗೆ ಕಳೆಯುತ್ತದೆ. ಮೇಲೆ ಬಂದಾಗಲೂ ಸಣ್ಣದೊಂದು ಬೆನ್ನುರೆಕ್ಕೆ ಕಂಡು ಮಾಯವಾಗುತ್ತದೆ, ಗಾಳಿ ಸ್ವಲ್ಪ ಎದ್ದರೂ ಅಲೆಗಳ ನೊರೆಯಲ್ಲಿ ಅದು ಕಾಣುವುದಿಲ್ಲ. ಆದ್ದರಿಂದ ಕೆಲವು ಕಡೆ ಪೋರ್ಪಾಯ್ಸ್ ಕಂಡ ಮೇಲೆ ವಿಮಾನ ಸುತ್ತು ಹಾಕಿ ಅದೇ ರೇಖೆಯ ಮೇಲೆ ಮತ್ತೊಮ್ಮೆ ಹಾರುತ್ತದೆ. ಮೊದಲ ಸಲ ಕಂಡವುಗಳಲ್ಲಿ ಎಷ್ಟು ಎರಡನೆಯ ಸಲವೂ ಕಂಡವು ಎಂಬ ಹೋಲಿಕೆಯಿಂದ, ಎರಡು ಸಲವೂ ಕಾಣದೆ ಉಳಿದವುಗಳ ಪಾಲು ತಿಳಿಯುತ್ತದೆ. ಹಡಗುಗಳಲ್ಲಿ ಇದೇ ಕೆಲಸವನ್ನು ಎರಡು ತಂಡಗಳು ಮಾಡುತ್ತವೆ: ಒಂದು ದುರ್ಬೀನು ಹಿಡಿದು ಬಹುದೂರ ಮುಂದಕ್ಕೆ ನೋಡುತ್ತದೆ, ಇನ್ನೊಂದು ಬರಿಗಣ್ಣಿನಿಂದ ಹತ್ತಿರದ ನೀರನ್ನು ಗಮನಿಸುತ್ತದೆ. ತಾನು ಕಾಣದೇ ಹೋದದ್ದೆಷ್ಟು ಎಂಬುದನ್ನು ಹೀಗೆ ಅಳೆದು ಲೆಕ್ಕಕ್ಕೆ ಸೇರಿಸುವ ಈ ಪ್ರಾಮಾಣಿಕತೆಯೇ, ನನ್ನ ದೃಷ್ಟಿಯಲ್ಲಿ, ಇಡೀ ವಿಧಾನದ ಶ್ರೇಷ್ಠ ಗುಣ.

2016ರಲ್ಲಿ ಉತ್ತರ ಸಮುದ್ರಕ್ಕೆ ದೊರೆತ ಅಂದಾಜು ಸುಮಾರು 3,45,000. ಅದರ ಜೊತೆಗೇ, ನಿಜವಾದ ಸಂಖ್ಯೆ ಎರಡೂವರೆ ಲಕ್ಷದಿಂದ ಐದು ಲಕ್ಷದ ನಡುವೆ ಎಲ್ಲಿಯೂ ಇರಬಹುದು ಎಂಬ ಹೇಳಿಕೆಯೂ ಇದೆ. 1994ರಲ್ಲಿ ವಾಯವ್ಯ ಭಾಗದಲ್ಲಿ ಹೆಚ್ಚಾಗಿದ್ದ ಪೋರ್ಪಾಯ್ಸ್‌ಗಳು 2005ರ ಹೊತ್ತಿಗೆ ದಕ್ಷಿಣಕ್ಕೆ ಸರಿದಿದ್ದವು, ಆದರೆ ಒಟ್ಟು ಸಂಖ್ಯೆಯಲ್ಲಿ ಸ್ಪಷ್ಟವಾದ ಏರಿಳಿತ ಇರಲಿಲ್ಲ. ವಾಯವ್ಯದಲ್ಲಿರುವ ಸ್ಕಾಟ್ಲೆಂಡಿನ ಕರಾವಳಿಯನ್ನಷ್ಟೇ ನೋಡಿದ್ದರೆ ಸಂತತಿ ಕುಸಿದಿದೆ ಎಂದೇ ತೀರ್ಮಾನಿಸಬೇಕಾಗುತ್ತಿತ್ತು.

ಪ್ರಾಣಿಗಳು ತೀರಾ ವಿರಳವಾದ ಕಡೆ ಕಣ್ಣಿನ ಬದಲು ಕಿವಿಯೇ ಉಪಯುಕ್ತ. ಬಾಲ್ಟಿಕ್ ಸಮುದ್ರದಲ್ಲಿ 2011ರಿಂದ 2013ರವರೆಗೆ ಮುನ್ನೂರಕ್ಕೂ ಹೆಚ್ಚು ಸ್ಥಳಗಳಲ್ಲಿ ನೀರಿನೊಳಗೆ ಶಬ್ದಗ್ರಾಹಕಗಳನ್ನು ಇಟ್ಟು, ಪೋರ್ಪಾಯ್ಸ್‌ಗಳು ಹೊರಡಿಸುವ ಸುಮಾರು 130 ಕಿಲೋಹರ್ಟ್ಸ್‌ನ ಟಿಕ್ ಸದ್ದುಗಳನ್ನು ದಾಖಲಿಸಿದಾಗ, ಅಲ್ಲಿನ ಪ್ರತ್ಯೇಕ ಸಂತತಿಯಲ್ಲಿ ಉಳಿದಿರುವುದು ಐನೂರರಷ್ಟು ಮಾತ್ರ ಎಂಬ ಅಂದಾಜು ಸಿಕ್ಕಿತು. ಕರ್ನಾಟಕದ ಕರಾವಳಿಯಲ್ಲಿರುವ ಪೋರ್ಪಾಯ್ಸ್ ಜಾತಿಗೆ ಬೆನ್ನುರೆಕ್ಕೆಯೇ ಇಲ್ಲದ ಕಾರಣ ಅದು ಕಣ್ಣಿಗೆ ಬೀಳುವುದು ಇನ್ನೂ ಕಷ್ಟ. ಅದೂ ಇಂಥದೇ ಎತ್ತರದ ಆವರ್ತನದಲ್ಲಿ ಸದ್ದು ಮಾಡುವುದರಿಂದ, ಈ ವಿಧಾನ ನಮ್ಮ ಕಡಲಿಗೂ ಚೆನ್ನಾಗಿ ಒಪ್ಪುತ್ತದೆ.