ರೆವಿನ್ಯೂ ಸೈಟ್ ಅಂದರೇನು? ಪಂಚಾಯಿತಿಗೆ ಅದು ಯಾಕೆ ತಲೆನೋವು?

ಮೈಸೂರಿನ ರಿಂಗ್ ರೋಡ್ ದಾಟಿ ಬೋಗಾದಿ ಕಡೆ ಹೋಗಿ, ಟಿ. ನರಸೀಪುರದ ಕಡೆ ಹೋಗಿ, ಹೊಲದ ನಡುವೆ ಒಂದು ಬೋರ್ಡ್ ಇದ್ದೇ ಇರುತ್ತದೆ: '30x40 ಸೈಟುಗಳು ಮಾರಾಟಕ್ಕಿವೆ, ಇ-ಸ್ವತ್ತು ಆಗಿದೆ'. ಗ್ರಾವೆಲ್ ಸುರಿದ ರಸ್ತೆ, ಬಣ್ಣ ಬಳಿದ ಗಡಿ ಕಲ್ಲು, ಮುಂದೊಂದು ಕಮಾನು. ಪಕ್ಕದ ಹೊಲದಲ್ಲಿ ಇನ್ನೂ ರಾಗಿ. ಹೀಗೆ ಮಾರಾಟಕ್ಕಿರುವ ಸೈಟುಗಳಲ್ಲಿ ಎಷ್ಟೋ ರೆವಿನ್ಯೂ ಸೈಟುಗಳೇ.

ಪಹಣಿಯಲ್ಲಿ ಕೃಷಿ ಜಮೀನು ಅಂತಲೇ ಇರುವ ಹೊಲವನ್ನು ತುಂಡು ಮಾಡಿ ಮನೆ ಸೈಟ್ ಅಂತ ಮಾರಿದರೆ ಅದೇ ರೆವಿನ್ಯೂ ಸೈಟ್. ಹೊಲ ಬಡಾವಣೆ ಆಗಬೇಕಾದರೆ ಎರಡು ಹಂತ ದಾಟಬೇಕು. ಮೊದಲು 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಸೆಕ್ಷನ್ ಪ್ರಕಾರ ಡಿಸಿ ಕಚೇರಿಯಿಂದ ಭೂ ಪರಿವರ್ತನೆ. ನಮ್ಮ ಕಡೆ ಎಲ್ಲರ ಬಾಯಲ್ಲೂ ಅದು 'ಅಲಿನೇಷನ್'. ಆಮೇಲೆ ಬಡಾವಣೆಯ ನಕ್ಷೆಗೆ ಯೋಜನಾ ಪ್ರಾಧಿಕಾರದ ಒಪ್ಪಿಗೆ. ಮೈಸೂರಿನ ಸುತ್ತ ಅದು ಜನ ಇನ್ನೂ ಮುಡಾ ಅಂತಲೇ ಕರೆಯುವ ಪ್ರಾಧಿಕಾರ. 'ಅಲಿನೇಷನ್ ಆಗಿದೆ ಸಾರ್, ಏನೂ ತೊಂದರೆ ಇಲ್ಲ' ಅನ್ನುವ ಬ್ರೋಕರ್ ಎರಡನೇ ಹಂತದ ಮಾತೇ ಎತ್ತುವುದಿಲ್ಲ, ಗಮನಿಸಿ. ಊರೊಳಗಿನ ಗ್ರಾಮಠಾಣಾ ಜಾಗದ ಕಥೆ ಬೇರೆ. ಅಜ್ಜನ ಕಾಲದಿಂದ ಮನೆಗಳಿರುವ ಜಾಗ ಅದು, ಅದಕ್ಕೆ ಪರಿವರ್ತನೆ ಬೇಡ.

ಈ ಎರಡು ಹಂತ ತಪ್ಪಿಸಿದರೆ ಏನು ಲಾಭ? ಲೆಕ್ಕ ಹಾಕಿ ನೋಡೋಣ. ಒಂದು ಗುಂಟೆಗೆ 1089 ಚದರಡಿ, 40 ಗುಂಟೆಗೆ ಒಂದು ಎಕರೆ. ಅಂದರೆ 43,560 ಚದರಡಿ. 30x40 ಸೈಟಿಗೆ 1200 ಚದರಡಿ. ಒಂದಿಂಚೂ ಬಿಡದೆ ಕತ್ತರಿಸಿದರೆ ಎಕರೆಗೆ 36 ಸೈಟು. ನಕ್ಷೆಗೆ ಒಪ್ಪಿಗೆ ಪಡೆದ ಬಡಾವಣೆಯಲ್ಲಿ ರಸ್ತೆ, ಪಾರ್ಕು, ಸಿಎ ಸೈಟು (ಶಾಲೆ, ಆಸ್ಪತ್ರೆಯಂಥ ಊರ ಸೌಕರ್ಯಕ್ಕೆ ಬಿಡುವ ಜಾಗ) ಅಂತ ಹೆಚ್ಚು ಕಡಿಮೆ ಅರ್ಧ ಜಾಗ ಹೋಗುತ್ತದೆ. ಉಳಿಯುವುದು ಇಪ್ಪತ್ತರ ಆಸುಪಾಸು. 20 ಅಡಿ ರಸ್ತೆ ಮಾತ್ರ ಬಿಟ್ಟು ಕತ್ತರಿಸಿದರೆ 28 ಸೈಟು ಆರಾಮಾಗಿ ಸಿಗುತ್ತದೆ. ಆ ಎಂಟು ಸೈಟು ಬಂದದ್ದು ಮಕ್ಕಳು ಆಡಬೇಕಿದ್ದ ಪಾರ್ಕಿನಿಂದ, ಶಾಲೆಗೋ ಆಸ್ಪತ್ರೆಗೋ ಇಡಬೇಕಿದ್ದ ಜಾಗದಿಂದ, ಅಗಲ ಇರಬೇಕಿದ್ದ ರಸ್ತೆಯಿಂದ. ಇದು ಜಾಗದ ಲೆಕ್ಕ ಮಾತ್ರ. ಲೇಔಟ್ ಮಾಡುವವರೇ ಹಾಕಿಕೊಡಬೇಕಿದ್ದ ಚರಂಡಿ, ಯುಜಿಡಿ (ನೆಲದಡಿಯ ಒಳಚರಂಡಿ), ನೀರಿನ ಟ್ಯಾಂಕ್, ಬೀದಿದೀಪದ ಖರ್ಚೂ ಉಳಿಯಿತು. ಖರ್ಚು ಉಳಿದದ್ದು ಅವರಿಗೆ. ಅದು ಬಂದು ಬೀಳುವುದು ಪಂಚಾಯಿತಿ ತಲೆಗೆ.

ರೆವಿನ್ಯೂ ಸೈಟ್ ಅಂದರೆ ಕೊಂಡವರ ಕಾಗದಪತ್ರದ ತಕರಾರು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನನ್ನ ಪ್ರಕಾರ ಅದು ಅರ್ಧ ಕಥೆ. ಇನ್ನರ್ಧ ಗ್ರಾಮಸಭೆಯಲ್ಲಿ ಕಾಣುತ್ತದೆ. ಲೇಔಟಿನಲ್ಲಿ ನಾಲ್ಕಾರು ಮನೆ ಏಳುವ ಹೊತ್ತಿಗೆ ಮಾರಿದವರು ಇನ್ನೊಂದು ಊರಲ್ಲಿ ಇನ್ನೊಂದು ಕಮಾನು ಕಟ್ಟಿರುತ್ತಾರೆ. ಮನೆಯವರು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಮುಂದೆ ಅರ್ಜಿ ಇಡುತ್ತಾರೆ: ನೀರು ಕೊಡಿ, ಚರಂಡಿ ಮಾಡಿಸಿ. 'ಟ್ಯಾಕ್ಸ್ ಕಟ್ತಿಲ್ವಾ ನಾವು?' ಅನ್ನುತ್ತಾರೆ. ನಿಜ, ಕಟ್ಟುತ್ತಾರೆ. ಹಳೇ ಊರಿನವರು ಏಳುತ್ತಾರೆ: 'ನಮ್ಮ ಬೀದಿ ಮೋರಿಗೇ ದುಡ್ಡಿಲ್ಲ ಅಂತೀರಿ, ಅವರಿಗೆ ಸಿಮೆಂಟ್ ರಸ್ತೆ ಯಾವ ದುಡ್ಡಲ್ಲಿ?' ಅದೂ ನಿಜವೇ. ಪಿಡಿಒ ಪಾಡು ಅತ್ತ ದರಿ, ಇತ್ತ ಪುಲಿ. ಪಂಚಾಯಿತಿಗೆ ಬರುತ್ತಿದ್ದ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇ. 60ರಷ್ಟನ್ನು ನೀರು ಮತ್ತು ನೈರ್ಮಲ್ಯಕ್ಕೇ ಖರ್ಚು ಮಾಡಬೇಕು ಅನ್ನುವ ಕಟ್ಟು ಇತ್ತು. ಮೇಲಾಗಿ, ಆ ಅನುದಾನ ಹಂಚಲು ಜನಸಂಖ್ಯೆ ಅಂತ ಹಿಡಿದದ್ದು 2011ರ ಗಣತಿ. ಆಮೇಲೆ ಎದ್ದ ಲೇಔಟುಗಳ ಜನ ಆ ಲೆಕ್ಕದಲ್ಲೇ ಇಲ್ಲ.

ಕೊಳಚೆ ನೀರಿನದು ಇನ್ನೂ ದೊಡ್ಡ ಪಾಡು. ಯುಜಿಡಿ ಇಲ್ಲದಿದ್ದರೆ ಮನೆಗೊಂದು ಪಿಟ್. 1200 ಚದರಡಿಯಲ್ಲೇ ಪಿಟ್ಟೂ ಬೋರ್‌ವೆಲ್ಲೂ ಇದ್ದರೆ ಬೋರಿನ ನೀರು ಕುಡಿಯೋಕೆ ಧೈರ್ಯ ಬೇಕು. ಪಿಟ್ ತುಂಬಿದಾಗ ನೀರು ಇಳಿಜಾರು ಹುಡುಕಿಕೊಂಡು ಕೆರೆ ಸೇರುತ್ತದೆ.

ಬೋರ್ಡಿನಲ್ಲಿರುವ 'ಇ-ಸ್ವತ್ತು ಆಗಿದೆ' ಅನ್ನುವ ಮಾತನ್ನು ಸುಮ್ನೆ ನಂಬಬೇಡಿ. ಇ-ಸ್ವತ್ತು ಅಂದರೆ ಪಂಚಾಯಿತಿ ಆಸ್ತಿಗಳನ್ನು ಕಂಪ್ಯೂಟರಿಗೆ ಏರಿಸುವ ವ್ಯವಸ್ಥೆ. ಗ್ರಾಮಠಾಣಾ, ಸರ್ಕಾರದ ವಸತಿ ಯೋಜನೆ, ಪರಿವರ್ತನೆಯಾಗಿ ನಕ್ಷೆ ಒಪ್ಪಿಗೆಯೂ ಸಿಕ್ಕ ಜಾಗಕ್ಕೆ ನಮೂನೆ 9 ಮತ್ತು 11ಎ. ಮಿಕ್ಕವಕ್ಕೆ 11ಬಿ. 11ಬಿ ಕೈಯಲ್ಲಿ ಹಿಡಿದರೆ ಮಾಲೀಕರ ಫೋಟೋ, ಅಳತೆ, ಚೆಕ್ಕುಬಂದಿ ಎಲ್ಲ ಇರುತ್ತದೆ. ನೋಡಿದವರು ಹಕ್ಕುಪತ್ರವೇ ಸಿಕ್ಕಿತು ಅಂದುಕೊಳ್ಳಬೇಕು, ಹಾಗಿರುತ್ತದೆ. ಬಡಾವಣೆಗೆ ಒಪ್ಪಿಗೆ ಸಿಕ್ಕಿದೆ ಅಂತ ಅದು ಎಲ್ಲೂ ಹೇಳುವುದಿಲ್ಲ. ಕ್ರಯಪತ್ರ ಇಲ್ಲದೆ ಜಿಪಿಎ (ಜನರಲ್ ಪವರ್ ಆಫ್ ಅಟಾರ್ನಿ) ಮೇಲೆ ಕೊಂಡವರ ಪಾಡು ಇನ್ನೂ ಕಷ್ಟ: ಬರೀ ಜಿಪಿಎಯಿಂದ ಒಡೆತನ ಬರುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ.

ಸರ್ಕಾರಗಳು ಸುಮ್ಮನೆ ಕೂತಿಲ್ಲ. ದಂಡ ಕಟ್ಟಿಸಿಕೊಂಡು ಅಕ್ರಮ ಬಡಾವಣೆ, ಕಟ್ಟಡ ಸಕ್ರಮ ಮಾಡುವ ಅಕ್ರಮ-ಸಕ್ರಮ ಅಂತ 2014ರಲ್ಲಿ ನಿಯಮ ಬಂತು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. 2025ರಲ್ಲಿ ನಗರಸಭೆ, ಪಟ್ಟಣ ಪಂಚಾಯಿತಿಗಳಲ್ಲಿ ಒಪ್ಪಿಗೆ ಇಲ್ಲದ ಬಡಾವಣೆಗಳ ಆಸ್ತಿಗೆ ಬಿ ಖಾತಾ ಕೊಡುವ ಅಭಿಯಾನ ನಡೆಯಿತು. ತೆರಿಗೆ ಬರುತ್ತದೆ, ಮನೆಯವರಿಗೂ ಒಂದು ದಾಖಲೆ ಸಿಗುತ್ತದೆ, ಒಳ್ಳೆಯದೇ. ಆದರೆ ಖಾತಾ ಕೊಟ್ಟ ಮಾತ್ರಕ್ಕೆ 20 ಅಡಿ ರಸ್ತೆ 30 ಅಡಿ ಆಗುವುದಿಲ್ಲ, ಅಲ್ವಾ? ಹೂಟಗಳ್ಳಿ ನಗರಸಭೆ ಆಯಿತು. ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ ಪಟ್ಟಣ ಪಂಚಾಯಿತಿ ಆದವು. ಗ್ರಾಮ ಪಂಚಾಯಿತಿ ಕಾಲದ ರೆವಿನ್ಯೂ ಸೈಟುಗಳು ಹಾಗೇ ಹೊಸ ಕಚೇರಿಗೆ ಬಂದವು. ಜನ ಅರ್ಜಿ ಹಿಡಿದು ನಿಲ್ಲುವ ಕೌಂಟರ್ ಬದಲಾಯಿತು, ಅಷ್ಟೇ. ಮೈಸೂರು-ಬೆಂಗಳೂರು ಹೆದ್ದಾರಿ 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಮೇಲೆ ಮಂಡ್ಯ ಕಡೆಯ ಊರುಗಳಲ್ಲೂ ರೆವಿನ್ಯೂ ಸೈಟಿನ ಮಾತೇ ಕೇಳಿಬರುತ್ತಿದೆ.

ಸೈಟ್ ನೋಡಲು ಹೋದಾಗ ಪರಿವರ್ತನೆ ಆದೇಶ, ಒಪ್ಪಿಗೆ ಪಡೆದ ನಕ್ಷೆ, ಸೈಟ್ ಬಿಡುಗಡೆ ಪತ್ರ, ಈ ಮೂರನ್ನೂ ಕೇಳಿ. ಒಪ್ಪಿಗೆ ಪಡೆದ ಲೇಔಟಿನಲ್ಲಿ ರಸ್ತೆ, ಚರಂಡಿ ಕೆಲಸ ಮುಗಿದಂತೆ ಹಂತ ಹಂತವಾಗಿ ಸೈಟು ಬಿಡುಗಡೆ ಮಾಡುತ್ತಾರೆ. ಆ ಪತ್ರ ಇದ್ದರೆ ಅಷ್ಟಾದರೂ ಕೆಲಸ ಆಗಿದೆ ಅಂತ ಅರ್ಥ. ಜೊತೆಗೆ, ನಕ್ಷೆಯಲ್ಲಿ ಪಾರ್ಕ್ ಎಲ್ಲಿದೆ ಅಂತ ಬೆರಳಿಟ್ಟು ತೋರಿಸಿ ಅನ್ನಿ, ಆಮೇಲೆ ಅದೇ ಜಾಗಕ್ಕೆ ನಡೆದು ಹೋಗಿ ನೋಡಿ.